ಅಪ್ಪ ಅಮ್ಮಂಗೆ ಪಾರ್ಟ್ ಡಿ: ಪ್ರೀಮಿಯಂ ಕಮ್ಮಿ ಇರೋ ಪ್ಲಾನ್ ತಗೊಂಡ್ರೆ ಸಾಕಾ?

ಓದುಗರ ಪ್ರಶ್ನೆ: ಅಪ್ಪ ಅಮ್ಮ ಗ್ರೀನ್ ಕಾರ್ಡಲ್ಲಿ ಅಮೆರಿಕಕ್ಕೆ ಬಂದು ಐದು ವರ್ಷ ತುಂಬ್ತಾ ಇದೆ, ಇಬ್ರಿಗೂ 65 ದಾಟಿದೆ. ವಯಸ್ಸಾದೋರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ ಮೆಡಿಕೇರ್ ಮಾಡಿಸ್ತಿದೀವಿ, ಮಾತ್ರೆಗಳಿಗೆ ಪಾರ್ಟ್ ಡಿ ಅಂತ ಬೇರೆ ಪ್ಲಾನ್ ತಗೋಬೇಕಂತೆ. ಎಲ್ಲಕ್ಕಿಂತ ಪ್ರೀಮಿಯಂ ಕಮ್ಮಿ ಇರೋದನ್ನ ಇಬ್ರಿಗೂ ಒಂದೇ ತಗೊಂಡ್ಬಿಟ್ರೆ ಆಗಲ್ವಾ?

ಆಗಲ್ಲ. ಈ ಪ್ರಶ್ನೆ ಕೇಳೋರೆಲ್ಲ ಪ್ರೀಮಿಯಮ್ಮಿಂದಾನೇ ಶುರು ಮಾಡ್ತಾರೆ, ನನ್ನ ಕೇಳಿದ್ರೆ ಅದು ಕೊನೇಲಿ ನೋಡೋ ವಿಷ್ಯ. ಮೊದ್ಲು ನೋಡ್ಬೇಕಾಗಿರೋದು ಅಪ್ಪ ಅಮ್ಮನ ಮಾತ್ರೆ ಡಬ್ಬಿ. ಯಾಕಂದ್ರೆ ಪ್ರತಿ ಪ್ಲಾನಿಗೂ ಫಾರ್ಮ್ಯುಲರಿ ಅಂತ ಅದರದ್ದೇ ಔಷಧಿ ಪಟ್ಟಿ ಇರುತ್ತೆ, ನಿಮ್ಮ ಮಾತ್ರೆ ಪಟ್ಟೀಲಿ ಇಲ್ಲ ಅಂದ್ರೆ ಪೂರ್ತಿ ದುಡ್ಡು ನೀವೇ ಕಟ್ಬೇಕು, ಇದ್ರೂ ಯಾವ ಟಿಯರಲ್ಲಿ, ಅಂದ್ರೆ ಬೆಲೆಯ ಯಾವ ಹಂತದಲ್ಲಿ ಇಟ್ಟಿದಾರೆ ಅನ್ನೋದು ಮುಖ್ಯ, ಕೆಳಗಿನ ಟಿಯರ್ ಅಂದ್ರೆ ಅಗ್ಗದ ಜೆನೆರಿಕ್, ಮೇಲೆ ಹೋದಷ್ಟೂ ಜೇಬಿಗೆ ಕತ್ತರಿ. ಇನ್ನೊಂದು, ಇದರಲ್ಲಿ ಫ್ಯಾಮಿಲಿ ಪ್ಲಾನ್ ಅನ್ನೋದೇ ಇಲ್ಲ, ಒಬ್ಬೊಬ್ರಿಗೆ ಒಂದೊಂದು. ಅಪ್ಪಂಗೆ ಸರಿಹೋಗಿದ್ದು ಅಮ್ಮಂಗೆ ದುಬಾರಿ ಬೀಳಬಹುದು.

ಈಗ ನಮ್ಮೋರಿಗೇ ಅಂತ ಇರೋ ತಲೆನೋವು. ಊರಿಂದ ಬರೋವಾಗ ಸೂಟ್‌ಕೇಸಲ್ಲಿ ಮಾತ್ರೆ ತುಂಬ್ಕೊಂಡು ಬರ್ತಾರೆ, ಏನು ತಗೋತಿದೀರಾ ಅಂದ್ರೆ ಗ್ಲೈಕೋಮೆಟ್, ಟೆಲ್ಮಾ, ಥೈರೋನಾರ್ಮ್, ಎಕೋಸ್ಪ್ರಿನ್ ಅಂತಾರೆ. ಈ ಬ್ರ್ಯಾಂಡ್ ಹೆಸ್ರು ಇಟ್ಕೊಂಡು ಇಲ್ಲಿ ಪ್ಲಾನ್ ಹುಡುಕೋಕಾಗಲ್ಲ. ಸ್ಟ್ರಿಪ್ ಹಿಂದೆ ತಿರುಗಿಸಿ ಸಣ್ಣಕ್ಷರದಲ್ಲಿ ಇರೋದನ್ನ ಬರ್ಕೊಳ್ಳಿ: ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಲಿವೋಥೈರಾಕ್ಸಿನ್, ಆಸ್ಪಿರಿನ್. ಪಕ್ಕದಲ್ಲೇ ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ ಅನ್ನೋದೂ ಇರ್ಲಿ. ಇದರಲ್ಲಿ ಆಸ್ಪಿರಿನ್, ವಿಟಮಿನ್ ಥರದ್ದಕ್ಕೆ ಪಾರ್ಟ್ ಡಿ ದುಡ್ಡು ಕೊಡಲ್ಲ, ಅದನ್ನ ಅಂಗಡೀಲಿ ಹಾಗೇ ತಗೊಳ್ಳೋದು.

ಕೆಲವು ಮಾತ್ರೆ ಅಮೆರಿಕದಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಶುಗರ್‌ಗೆ ಸರ್ವೇಸಾಮಾನ್ಯ ಬರೆಯೋ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಗ್ಲಿಕ್ಲಜೈಡ್, ಬಿಪಿಗೆ ಕೊಡೋ ಸಿಲ್ನಿಡಿಪಿನ್, ಇವಕ್ಕೆ ಇಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಇಲ್ಲ, ಹಾಗಾಗಿ ಯಾವ ಪ್ಲಾನೂ ಕೊಡಲ್ಲ. ಗ್ಲಿಮೆಪಿರೈಡು ಮೆಟ್‌ಫಾರ್ಮಿನ್ನು ಸೇರಿಸಿ ಒಂದೇ ಮಾತ್ರೆ ಮಾಡಿರ್ತಾರಲ್ಲ, ಅದೂ ಸಿಗಲ್ಲ, ಎರಡನ್ನೂ ಬೇರೆ ಬೇರೆ ನುಂಗ್ಬೇಕು. ಅದಕ್ಕೇ ಹೇಳೋದು, ಮೊದ್ಲು ಇಲ್ಲಿನ ಡಾಕ್ಟರ್ ಹತ್ರ ಹೋಗಿ ಬದಲಿ ಮಾತ್ರೆ ಬರೆಸ್ಕೊಳ್ಳಿ, ಆಮೇಲೆ ಪ್ಲಾನ್ ನೋಡಿ ಅಂತ. ವಿಲ್ಡಾಗ್ಲಿಪ್ಟಿನ್ ಬದ್ಲು ಡಾಕ್ಟರು ಜನುವಿಯಾ ಬರೆದ್ರು ಅನ್ನಿ, ಅದು ಬ್ರ್ಯಾಂಡ್ ಔಷಧಿ, ಲೆಕ್ಕಾಚಾರವೇ ಬದಲಾಗುತ್ತೆ. ಸದ್ಯ ಸರ್ಕಾರ ಚೌಕಾಸಿ ಮಾಡಿ ಬೆಲೆ ಇಳಿಸಿದ ಮೊದಲ ಹತ್ತು ಔಷಧಿಗಳಲ್ಲಿ ಇದೂ ಒಂದು, 2026ರ ಜನವರಿಯಿಂದ 30 ದಿನಕ್ಕೆ 113 ಡಾಲರ್, ಮೊದ್ಲು ಪಟ್ಟಿ ಬೆಲೆ 527 ಇತ್ತು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಎಲಿಕ್ವಿಸ್, ಶುಗರ್‌ಗೆ ಕೊಡೋ ಜಾರ್ಡಿಯನ್ಸ್ ಕೂಡ ಅದೇ ಹತ್ತರಲ್ಲಿವೆ.

ಲಿಸ್ಟ್ ರೆಡಿ ಆದ್ಮೇಲೆ ಮೆಡಿಕೇರ್‌ನವರ ವೆಬ್‌ಸೈಟಲ್ಲಿ ಪ್ಲಾನ್ ಫೈಂಡರ್ ಇದೆ, ಜಿಪ್ ಕೋಡ್ ಹಾಕಿ, ಔಷಧಿ ಒಂದೊಂದಾಗಿ ಹಾಕಿ, ಮನೆ ಹತ್ರದ ಫಾರ್ಮಸಿ ಆರಿಸಿ. ಅಲ್ಲಿ ಪ್ರೀಮಿಯಮ್ಮೂ ಮಾತ್ರೆ ಖರ್ಚೂ ಸೇರಿ ವರ್ಷಕ್ಕೆ ಒಟ್ಟು ಎಷ್ಟು ಅಂತ ತೋರಿಸುತ್ತೆ, ನೋಡ್ಬೇಕಾದ ನಂಬರ್ ಅದೊಂದೇ. ಉದಾಹರಣೆಗೆ ಪ್ರೀಮಿಯಂ ಸೊನ್ನೆ ಇರೋ ಪ್ಲಾನಲ್ಲಿ ಮಾತ್ರೆಗೆ ತಿಂಗಳಿಗೆ 90 ಡಾಲರ್ ಬಿತ್ತು ಅಂದ್ರೆ ವರ್ಷಕ್ಕೆ 1,080, ತಿಂಗಳಿಗೆ 40 ಪ್ರೀಮಿಯಂ ಇರೋದ್ರಲ್ಲಿ ಮಾತ್ರೆಗೆ 15 ಬಿದ್ರೆ ಒಟ್ಟು 660, ಈಗ ಯಾವುದು ಅಗ್ಗ ಹೇಳಿ. ಫಾರ್ಮಸಿ ಬದಲಾಯಿಸಿಯೂ ಒಂದ್ಸಲ ನೋಡಿ, ಪ್ಲಾನ್ ಕಮ್ಮಿ ದರಕ್ಕೆ ಒಪ್ಪಂದ ಮಾಡ್ಕೊಂಡಿರೋ ಪ್ರಿಫರ್ಡ್ ಫಾರ್ಮಸಿ ಅಲ್ಲ ಅಂದ್ರೆ ಅದೇ ಮಾತ್ರೆಗೆ ಜಾಸ್ತಿ ಕೀಳ್ತಾರೆ. ಔಷಧಿ ಪಕ್ಕ ಪ್ರಯರ್ ಆಥರೈಸೇಶನ್ ಅಂತ ಇದ್ರೆ ಡಾಕ್ಟರು ಮೊದ್ಲೇ ಪ್ಲಾನಿನ ಒಪ್ಪಿಗೆ ತಗೋಬೇಕು, ಸ್ಟೆಪ್ ಥೆರಪಿ ಅಂತಿದ್ರೆ ಅಗ್ಗದ್ದು ಮೊದ್ಲು ತಗೊಂಡು ನೋಡಿ ಅಂತಾರೆ.

2026ರಲ್ಲಿ ಡಿಡಕ್ಟಿಬಲ್, ಅಂದ್ರೆ ಪ್ಲಾನ್‌ನವರು ಕೊಡೋಕೆ ಶುರು ಮಾಡೋ ಮೊದ್ಲು ನೀವೇ ಕಟ್ಟೋ ದುಡ್ಡು, ಹೆಚ್ಚಂದ್ರೆ 615 ಡಾಲರ್, ಮತ್ತೆ ಔಷಧಿಗೆ ನಿಮ್ಮ ಜೇಬಿಂದ 2,100 ಹೋದ್ಮೇಲೆ ಆ ವರ್ಷ ಮುಂದಕ್ಕೆ ಏನೂ ಕೊಡೋ ಹಾಗಿಲ್ಲ. ಹಳೇ ವಿಡಿಯೋಗಳಲ್ಲಿ ಔಷಧಿ ಖರ್ಚು ಒಂದು ಮಿತಿ ದಾಟಿದ್ರೆ ನಿಮ್ಮ ಪಾಲು ಜಾಸ್ತಿ ಆಗೋ ಡೋನಟ್ ಹೋಲ್ ಇದೆ ಅಂತ ಹೆದರಿಸ್ತಾರಲ್ಲ, ಅದು 2025ರಿಂದ ಇಲ್ಲ. ಆದ್ರೆ ಈ 2,100ಕ್ಕೆ ಪ್ರೀಮಿಯಂ ಸೇರಲ್ಲ, ಪಟ್ಟೀಲಿ ಇಲ್ದಿರೋ ಔಷಧಿ ಖರ್ಚೂ ಸೇರಲ್ಲ. ಪ್ಲಾನಿನ ಪಟ್ಟೀಲಿರೋ ಇನ್ಸುಲಿನ್ ಒಂದೊಂದಕ್ಕೂ ತಿಂಗಳಿಗೆ 35 ಡಾಲರ್ ಮೇಲೆ ತಗೊಳ್ಳೋ ಹಾಗಿಲ್ಲ.

ಅಪ್ಪ ಗಟ್ಟಿಮುಟ್ಟಾಗಿದಾರೆ, ಒಂದು ಮಾತ್ರೇನೂ ಇಲ್ಲ, ಆಮೇಲೆ ನೋಡೋಣ ಅಂದ್ರೆ ದಂಡ ಬೀಳುತ್ತೆ. ಅರ್ಹತೆ ಬರೋ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಹೀಗೆ ಏಳು ತಿಂಗಳ ಅವಕಾಶ ಇರುತ್ತೆ. ಅದು ಮುಗಿದು ಸರಿಸಮನಾದ ಬೇರೆ ಕವರೇಜೂ ಇಲ್ದೆ 63 ದಿನ ಕಳೆದ್ರೆ, ತಡ ಆದ ಪ್ರತಿ ತಿಂಗಳಿಗೆ ಶೇಕಡಾ 1ರಂತೆ ಲೆಕ್ಕ ಹಾಕಿ ಪ್ರೀಮಿಯಮ್ಮಿಗೆ ಸೇರಿಸ್ತಾರೆ. ಈ ಶೇಕಡಾ ಲೆಕ್ಕ ಹಾಕೋ ಮೂಲ ಮೊತ್ತ 2026ರಲ್ಲಿ 38.99 ಡಾಲರ್, ಇಪ್ಪತ್ತು ತಿಂಗಳು ತಡ ಅಂದ್ರೆ ತಿಂಗಳಿಗೆ 7.80 ಡಾಲರ್, ಅದೂ ಪಾರ್ಟ್ ಡಿ ಇರೋವರೆಗೂ. ಮಾತ್ರೆ ಇಲ್ದಿರೋರಿಗೆ ಮಾತ್ರ ನಿಮ್ಮ ಐಡಿಯಾ ಸರಿ, ಅಗ್ಗದ ಪ್ಲಾನ್ ಕಣ್ಣು ಮುಚ್ಕೊಂಡು ತಗೊಳ್ಳಿ.

ಇಲ್ಲಿ ಕೆಲಸ ಮಾಡಿರದ ಅಪ್ಪ ಅಮ್ಮಂಗೆ ಮೆಡಿಕೇರಿನಲ್ಲಿ ಆಸ್ಪತ್ರೆ ಖರ್ಚು ನೋಡ್ಕೊಳ್ಳೋ ಪಾರ್ಟ್ ಎ ಫ್ರೀ ಅಲ್ಲ, 2026ರಲ್ಲಿ ತಿಂಗಳಿಗೆ 565 ಡಾಲರ್‌ವರೆಗೂ ಇದೆ, ಹಾಗಂತ ಎಷ್ಟೋ ಜನ ಡಾಕ್ಟರ್ ಖರ್ಚು ನೋಡ್ಕೊಳ್ಳೋ ಪಾರ್ಟ್ ಬಿ ಮಾತ್ರ ತಗೋತಾರೆ. ಪರವಾಗಿಲ್ಲ, ಬಿ ಒಂದೇ ಇದ್ರೂ ಡಿ ಸಿಗುತ್ತೆ. ಎ, ಬಿ ಎರಡೂ ಇದ್ದು, ಮೆಡಿಕೇರನ್ನ ಖಾಸಗಿ ಕಂಪನಿ ಮೂಲಕ ಕೊಡೋ ಅಡ್ವಾಂಟೇಜ್ ಪ್ಲಾನಿಗೆ ಸೇರಿದ್ರೆ ಸಾಮಾನ್ಯವಾಗಿ ಔಷಧಿ ಅದರಲ್ಲೇ ಬಂದಿರುತ್ತೆ, ಆಗ ಪ್ರತ್ಯೇಕ ಡಿ ತಗೊಳ್ಳೋಕೆ ಹೋಗ್ಬೇಡಿ, ಎಚ್‌ಎಂಒ ಅಥವಾ ಪಿಪಿಒ ಅನ್ನೋ, ತಮ್ಮದೇ ಡಾಕ್ಟರ್‌ಗಳ ಜಾಲ ಇರೋ ಬಗೆಯ ಪ್ಲಾನ್ ಆಗಿದ್ರೆ ಅಡ್ವಾಂಟೇಜಿಂದಾನೇ ಹೊರಗೆ ಹಾಕ್ತಾರೆ.

ಪ್ಲಾನ್‌ನವರು ಪಟ್ಟಿ, ಬೆಲೆ ಎಲ್ಲ ವರ್ಷಾ ವರ್ಷಾ ಬದಲಾಯಿಸ್ತಾರೆ, ಸೆಪ್ಟೆಂಬರ್ ಕೊನೆಗೆ ಬರೋ ಕಾಗದ ಎಸೀಬೇಡಿ, ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಒಳಗೆ ಪ್ಲಾನ್ ಬದಲಾಯಿಸ್ಬಹುದು. ಕಮಿಷನ್ ಆಸೆ ಇಲ್ಲದ ಸಲಹೆ ಬೇಕು ಅಂದ್ರೆ ಪ್ರತಿ ರಾಜ್ಯದಲ್ಲೂ ಶಿಪ್ ಅನ್ನೋ ಉಚಿತ ಸೇವೆ ಇದೆ, ಕ್ಯಾಲಿಫೋರ್ನಿಯಾದಲ್ಲಿ ಅದನ್ನೇ ಹೈಕ್ಯಾಪ್ ಅಂತಾರೆ. 1-800-633-4227ಕ್ಕೆ ಫೋನ್ ಮಾಡಿದ್ರೆ ನಿಮ್ಮ ರಾಜ್ಯದ್ದು ಹೇಳ್ತಾರೆ, ಅಮ್ಮನೇ ಮಾತಾಡೋದಾದ್ರೆ ದುಭಾಷಿ ಬೇಕು ಅಂತ ಮೊದ್ಲೇ ಕೇಳಿ, ಅದಕ್ಕೆ ದುಡ್ಡಿಲ್ಲ.