ಬನಾರಸ್‌ನಲ್ಲಿ ಉಳಿದ ಹರಿಕೇನ್

ಆರ್4118 ಎಂಬ ಸಂಖ್ಯೆ ಹೊತ್ತ ಹರಿಕೇನ್ ಯುದ್ಧವಿಮಾನವು 1940ರ ಆಗಸ್ಟ್‌ನಲ್ಲಿ, ಬ್ರಿಟನ್ನಿನ ಮೇಲೆ ಜರ್ಮನ್ ವಾಯುದಾಳಿ ತೀವ್ರವಾಗಿದ್ದಾಗ, ಗ್ಲಾಸ್ಟರ್ ಕಂಪನಿಯ ಕಾರ್ಖಾನೆಯಿಂದ ಹೊರಬಂದು ಬ್ರಿಟಿಷ್ ವಾಯುಪಡೆಯ 605ನೇ ಸ್ಕ್ವಾಡ್ರನ್ ಸೇರಿತು. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಿಂದ ಅದು 49 ಬಾರಿ ಕಾದಾಟಕ್ಕೆ ಹಾರಿತು. ಐದು ಶತ್ರುವಿಮಾನಗಳನ್ನು ಉರುಳಿಸಿದ ಲೆಕ್ಕ ಅದರ ಹೆಸರಿನಲ್ಲಿದೆ. ಅಕ್ಟೋಬರಿನಲ್ಲಿ ಪೆಟ್ಟುತಿಂದು, ದುರಸ್ತಿಯಾಗಿ, ಆಮೇಲೆ ಹೊಸ ಪೈಲಟ್‌ಗಳ ತರಬೇತಿಗೆ ದುಡಿದು, 1943ರ ಕೊನೆಯಲ್ಲಿ ಹಡಗೇರಿ ಭಾರತಕ್ಕೆ ಹೊರಟಿತು. ಇಲ್ಲಿ ಅದಕ್ಕೆ ಯುದ್ಧದ ಕೆಲಸವೇನೂ ಸಿಗಲಿಲ್ಲ. 1947ರಲ್ಲಿ ಅದನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಲಿಕೆಗೆಂದು ಕೊಡಲಾಯಿತು.

ಅಲ್ಲಿ ದಶಕಗಳ ಕಾಲ ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ವಿಮಾನವು ಮತ್ತೆ ಹಾರುವಷ್ಟು ಉಳಿದುಕೊಂಡದ್ದು ಹೇಗೆಂದು ತಿಳಿಯಬೇಕಾದರೆ ಹರಿಕೇನ್‌ನ ರಚನೆಯನ್ನು ನೋಡಬೇಕು. 1935ರಲ್ಲಿ ಮೊದಲು ಹಾರಿದ ಈ ವಿಮಾನ ಹಳತು ಹೊಸತುಗಳ ಬೆರಕೆ. ಅದರ ಒಡಲಿನ ಭಾರವನ್ನೆಲ್ಲ ಹೊರುವುದು ಉಕ್ಕು ಮತ್ತು ಅಲ್ಯೂಮಿನಿಯಂ ಕೊಳವೆಗಳ ಹಂದರ. ಈ ಕೊಳವೆಗಳನ್ನು ಬೆಸುಗೆ ಹಾಕಿ ಕೂಡಿಸಿಲ್ಲ. ತುದಿಗಳನ್ನು ಚೌಕಾಕಾರಕ್ಕೆ ತಂದು, ಲೋಹದ ಪಟ್ಟಿಗಳನ್ನಿಟ್ಟು, ಬೋಲ್ಟುಗಳಿಂದ ಬಿಗಿಯಲಾಗಿದೆ. ಹಂದರದ ಹಿಂಭಾಗಕ್ಕೆ ಮರದ ಪಟ್ಟಿಗಳಿಂದ ದುಂಡನೆಯ ಆಕಾರ ಕೊಟ್ಟು, ಮೇಲೆ ಲಿನನ್ ಬಟ್ಟೆ ಹೊದಿಸಿ, ಒಣಗುತ್ತಿದ್ದಂತೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯುವ ‘ಡೋಪ್’ ಎಂಬ ದ್ರಾವಣ ಬಳಿಯುತ್ತಿದ್ದರು. ಚಪ್ಪರದ ಸೋಗೆಯಂತೆ ಈ ಬಟ್ಟೆ ಗಾಳಿಯನ್ನು ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನವಾದ ಸ್ಪಿಟ್‌ಫೈರ್‌ನಲ್ಲಾದರೋ ಹೊರಗಿನ ಲೋಹದ ಹಾಳೆಯೇ ಭಾರದ ಬಹುಪಾಲನ್ನು ಹಂಚಿಕೊಳ್ಳುತ್ತದೆ.

ವೇಗದಲ್ಲಿ ಹರಿಕೇನ್ ಸ್ಪಿಟ್‌ಫೈರ್‌ಗಿಂತ ಗಂಟೆಗೆ ಹೆಚ್ಚುಕಡಿಮೆ 50 ಕಿಲೋಮೀಟರ್ ಹಿಂದಿತ್ತು. ಆದರೆ ಗುಂಡು ತೂರಿಹೋದ ಬಟ್ಟೆಗೆ ತೇಪೆ ಹಾಕಿ, ಮುರಿದ ಕೊಳವೆಯೊಂದನ್ನೇ ಬಿಚ್ಚಿ ಬದಲಿಸಿ, ವಿಮಾನವನ್ನು ಬೇಗನೆ ಮತ್ತೆ ಹಾರಾಟಕ್ಕೆ ಕಳುಹಿಸಬಹುದಿತ್ತು. ಆ ಬೇಸಿಗೆಯ ಕೀರ್ತಿಯೆಲ್ಲ ಸ್ಪಿಟ್‌ಫೈರ್‌ಗೆ ಸಂದದ್ದು ಅಷ್ಟು ನ್ಯಾಯವಲ್ಲ. ಸಂಖ್ಯೆಯಲ್ಲಿಯೂ ಉರುಳಿಸಿದ ಶತ್ರುವಿಮಾನಗಳ ಲೆಕ್ಕದಲ್ಲಿಯೂ ಹರಿಕೇನ್ ಮುಂದಿತ್ತು.

ಹಳೆಯ ರೋಲ್ಸ್ ರಾಯ್ಸ್ ಕಾರುಗಳನ್ನು ಅರಸಿ ಭಾರತಕ್ಕೆ ಬಂದಿದ್ದ ಬ್ರಿಟಿಷ್ ಸಂಗ್ರಾಹಕ ಪೀಟರ್ ವ್ಯಾಚರ್ 1982ರಲ್ಲಿ ಈ ವಿಮಾನವನ್ನು ಕಂಡರು. ವರ್ಷಗಳ ಪತ್ರವ್ಯವಹಾರದ ನಂತರ 2001ರಲ್ಲಿ ಅದು ಇಂಗ್ಲೆಂಡಿಗೆ ಮರಳಿತು. ಮರ ಮತ್ತು ಬಟ್ಟೆ ತೇವದಲ್ಲಿ ಹಾಳಾಗುವ ವಸ್ತುಗಳು. ಅವನ್ನು ಹೊಸದಾಗಿಯೇ ಮಾಡಬೇಕು. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವ ಕಡೆ ನೀರು ಸೇರಿದರೆ, ವಿದ್ಯುತ್ಕೋಶದೊಳಗಿನಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಹಾಗಾಗಿ ಪ್ರತಿಯೊಂದು ಕೀಲನ್ನೂ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ, ಮತ್ತು ಹೀಗೆ ಬಿಚ್ಚಲು ಸಾಧ್ಯವಾಗುವುದು ಆ ಹಳೆಯ ಬೋಲ್ಟು ಜೋಡಣೆಯಿಂದಲೇ. ಎಲ್ಲಕ್ಕಿಂತ ಕಷ್ಟದ್ದು ರೆಕ್ಕೆಯ ಭಾರ ಹೊರುವ ತೊಲೆಗಳ ಕೆಲಸ. ತೆಳುವಾದ ಗಡಸು ಉಕ್ಕಿನ ಪಟ್ಟಿಯನ್ನು ಬಹುಕೋನದ ಕೊಳವೆಯಾಗಿ ಮಡಿಸಿ ಇವುಗಳನ್ನು ಮಾಡುತ್ತಿದ್ದ ವಿಧಾನ ಯುದ್ಧಾನಂತರ ಬಳಕೆ ತಪ್ಪಿತ್ತು. ದುರಸ್ತಿಯನ್ನು ಕೈಗೊಂಡ ಸಫೊಕ್‌ನ ಹಾಕರ್ ರೆಸ್ಟೊರೇಷನ್ಸ್ ಸಂಸ್ಥೆ ಅದನ್ನು ಮತ್ತೆ ರೂಢಿಸಿಕೊಂಡಿತ್ತು. ಹೊಸ ಭಾಗಗಳು ಇಷ್ಟಿರುವಾಗ ಇದು ಹಳೆಯ ವಿಮಾನವೇ ಎಂದು ಕೆಲವರು ಆಕ್ಷೇಪಿಸಬಹುದು. ಭಾಗ ಬದಲಿಸುತ್ತಲೇ ಬಾಳುವಂತೆ ರೂಪಿಸಿದ ಯಂತ್ರಕ್ಕೆ ಈ ಆಕ್ಷೇಪ ಅಷ್ಟಾಗಿ ತಾಗುವುದಿಲ್ಲವೆಂದು ನನಗನಿಸುತ್ತದೆ.

2004ರ ಡಿಸೆಂಬರ್ 23ರಂದು ಆರ್4118 ಮತ್ತೆ ಹಾರಿತು. 1940ರಲ್ಲಿ ಅದನ್ನು ಹಾರಿಸಿದ್ದ ಬಾಬ್ ಫಾಸ್ಟರ್ ಅದನ್ನು ಪುನಃ ನೋಡುವಷ್ಟು ಕಾಲ ಬದುಕಿದ್ದರು. ಅವರ ಕಾಲದಲ್ಲಿ 27 ಲೀಟರ್‌ನ ಮರ್ಲಿನ್ ಎಂಜಿನ್ 100 ಆಕ್ಟೇನ್ ಪೆಟ್ರೋಲಿನ ಬಲದಿಂದ, ತುರ್ತಿನಲ್ಲಿ ಐದು ನಿಮಿಷದ ಮಟ್ಟಿಗೆ, ಸುಮಾರು 1,300 ಅಶ್ವಶಕ್ತಿ ಕೊಡುತ್ತಿತ್ತು. ಇಂದು ಇಂಥ ವಿಮಾನಗಳನ್ನು ನಡೆಸುವವರು ಎಂಜಿನ್ ಬಾಳಿಕೆ ಬರಲೆಂದು ಆ ಮಿತಿಯ ಹತ್ತಿರಕ್ಕೂ ಹೋಗದೆ, ಹದವಾದ ಶಕ್ತಿಯಲ್ಲಿಯೇ ಹಾರಿಸುತ್ತಾರೆ.