ವಾಂತಿ ಮಾತ್ರೆ ಎಷ್ಟು ದಿನ?

ಆಸ್ಪತ್ರೆಯಲ್ಲಿ ಔಷಧ ಕೊಡುವ ನಮ್ಮಂಥವರ ಕಿವಿಗೆ ಪದೇ ಪದೇ ಬೀಳುವ ಮಾತು ಒಂದಿದೆ: "ವಾಂತಿ ನಿಲ್ಲೋ ಮಾತ್ರೆ ಕೊಡಿ, ಹೋದ ಸಲ ಕೊಟ್ಟಿದ್ರಲ್ಲ, ಅದೇ." ಯಾರಿಗೆ ಅಂತ ಕೇಳಿದರೆ ಹೋದ ಸಲ ಅಪ್ಪನಿಗೆ, ಈ ಸಲ ಮಗಳಿಗೆ. ಆಗ ಆಪರೇಷನ್ ಆಗಿತ್ತು, ಈಗ ಮೂರು ದಿನದಿಂದ ತಲೆನೋವು, ಜೊತೆಗೆ ವಾಂತಿ. ಆಳು ಬೇರೆ, ಕಾರಣ ಬೇರೆ. ಮಾತ್ರೆ ಮಾತ್ರ ಅದೇ ಬೇಕು!

ಎಲ್ಲ ವಾಂತಿಗೂ ಆಗುವ ಒಂದು ಮಾತ್ರೆ ಅಂತ ಇಲ್ಲ. ವಾಂತಿ ಮಾಡಿಸುವುದು ಮಿದುಳಿನ ಬುಡದಲ್ಲಿರುವ ಒಂದು ಜಾಗ. ಅದಕ್ಕೆ ಸುದ್ದಿ ನಾಲ್ಕಾರು ಕಡೆಯಿಂದ ಬರುತ್ತದೆ. ಕೆಟ್ಟ ಕರುಳಿನಿಂದ, ರಕ್ತದಲ್ಲಿ ಓಡಾಡುವ ವಿಷ ಅಥವಾ ಔಷಧದಿಂದ, ಒಳಕಿವಿಯಿಂದ, ಕೆಲವು ಸಲ ಬರೀ ಹೆದರಿಕೆಯಿಂದ. ಒಂದೊಂದು ಮಾತ್ರೆ ಒಂದೊಂದು ದಾರಿಯನ್ನು ತಡೆಯುತ್ತದೆ. ಒಂಡಾನ್ಸೆಟ್ರಾನ್ ಅನ್ನುವ ಮಾತ್ರೆ ತಡೆಯುವುದು ಸೆರೊಟೋನಿನ್ ಅನ್ನುವ, ಮೈಯಲ್ಲಿ ಸುದ್ದಿ ಮುಟ್ಟಿಸುವ ರಾಸಾಯನಿಕದ ಕೆಲಸವನ್ನು. ಹಾಗಾಗಿ ಕೀಮೋಥೆರಪಿ, ಆಪರೇಷನ್, ಹೊಟ್ಟೆಯ ಸೋಂಕು ಇಂಥವುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಸ್ಸಿನಲ್ಲಿ ಕೂತರೆ ಬರುವ ವಾಂತಿ ಒಳಕಿವಿಯದ್ದು. ಅಲ್ಲಿ ಈ ಮಾತ್ರೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಒಂದಕ್ಕೆ ನಿಲ್ಲಲಿಲ್ಲ ಅಂತ ಇನ್ನೊಂದು ನುಂಗುವವರು ಇದ್ದಾರೆ. ಎರಡು ನುಂಗಿದರೂ ತಡೆಯುವುದು ಆ ಒಂದೇ ದಾರಿಯನ್ನು.

ಡೊಂಪೆರಿಡೋನ್, ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಾಜಿನ್ ಇವೆಲ್ಲ ಡೋಪಮೈನ್ ಅನ್ನುವ, ಸುದ್ದಿ ಮುಟ್ಟಿಸುವ ಇನ್ನೊಂದು ರಾಸಾಯನಿಕವನ್ನು ತಡೆಯುವ ಗುಂಪು. ಬರೆದುಕೊಟ್ಟ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ಎಷ್ಟು ದಿನ ಅಂತ. ಎಷ್ಟು ಮಿಲಿಗ್ರಾಂ ಅನ್ನುವುದು ಆಮೇಲೆ. ಈ ಗುಂಪಿನ ವಿಷಯದಲ್ಲಂತೂ ದಿನದ ಲೆಕ್ಕ ಬಹಳ ಮುಖ್ಯ.

ಒಂದು ಸಂಜೆ ಕಾಲೇಜಿಗೆ ಹೋಗುವ ಹುಡುಗಿಯನ್ನು ಅವಳ ಅಣ್ಣ ಕರೆದುಕೊಂಡು ಬಂದ. ಕತ್ತು ಒಂದು ಕಡೆ ತಿರುಗಿ ಬಿಗಿದುಕೊಂಡಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ನಾಲಿಗೆ ಹೊರಗೆ ಬರುತ್ತಿತ್ತು. ಅಣ್ಣ "ಫಿಟ್ಸ್ ಬಂದಿದೆ ಸಾರ್" ಅಂದ. ಆದರೆ ಹುಡುಗಿಗೆ ಪೂರ್ತಿ ಎಚ್ಚರವಿತ್ತು. ಕೇಳಿದ್ದಕ್ಕೆ ತೊದಲುತ್ತಲೇ ಉತ್ತರ ಕೊಡುತ್ತಿದ್ದಳು. ಏನು ಮಾತ್ರೆ ತಗೊಂಡಿದ್ದಳು ಅಂತ ಕೇಳಿದಾಗ ಅವನು ಜೇಬಿನಿಂದ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದ. ಮೆಟೊಕ್ಲೋಪ್ರಮೈಡ್. ಅಜ್ಜಿಗೆ ಯಾವಾಗಲೋ ಬರೆದುಕೊಟ್ಟಿದ್ದರಲ್ಲಿ ಉಳಿದದ್ದು. ಹಿಂದಿನ ದಿನದಿಂದ ವಾಂತಿ ಅಂತ ಇವಳಿಗೆ ಕೊಡುತ್ತಿದ್ದರು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕತ್ತು ನೆಟ್ಟಗಾಯಿತು.

ಇದಕ್ಕೆ ಡಿಸ್ಟೋನಿಯಾ ಅನ್ನುತ್ತಾರೆ. ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಜಾಸ್ತಿ. ಸಾಮಾನ್ಯವಾಗಿ ಮಾತ್ರೆ ಶುರು ಮಾಡಿದ ಮೊದಲ ಒಂದೆರಡು ದಿನದಲ್ಲೇ ಬರುತ್ತದೆ. ನೋಡಿದವರಿಗೆ ಗಾಬರಿಯಾದರೂ ಬೇಗ ವಾಸಿಯಾಗುತ್ತದೆ. ಇನ್ನೊಂದು ತೊಂದರೆ ಇಷ್ಟು ಎದ್ದು ಕಾಣುವುದಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು, ಒಳಗೊಳಗೇ ಚಡಪಡಿಕೆ. ಕಾಯಿಲೆಯ ಟೆನ್ಷನ್ ಅಂತ ಮನೆಯವರು ಸಮಾಧಾನ ಹೇಳುತ್ತಿರುತ್ತಾರೆ. ಚಡಪಡಿಕೆ ತಂದದ್ದು ಮಾತ್ರೆ ಅಂತ ಯಾರಿಗೂ ಹೊಳೆಯುವುದಿಲ್ಲ.

ತಿಂಗಳುಗಟ್ಟಲೆ ತಗೊಂಡವರ ಕಥೆ ಬೇರೆ. ಬಾಯಿ, ತುಟಿ, ನಾಲಿಗೆ ತಮ್ಮಷ್ಟಕ್ಕೆ ಆಡುತ್ತಲೇ ಇರುವ ತೊಂದರೆ ಶುರುವಾಗಬಹುದು. ಮಾತ್ರೆ ನಿಲ್ಲಿಸಿದರೂ ಅದು ಹೋಗದೆ ಉಳಿಯಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಮೆಟೊಕ್ಲೋಪ್ರಮೈಡ್ ಮೇಲೆ ಕಡುವಾದ ಎಚ್ಚರಿಕೆ ಹಾಕಿಸಿತು. 12 ವಾರ ದಾಟಿಸಬೇಡಿ ಅಂದಿತು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಇನ್ನೂ ಬಿಗಿ ಮಾಡಿತು. ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 30 ಮಿಲಿಗ್ರಾಂ, ಅದೂ 5 ದಿನ. ಪಾರ್ಕಿನ್ಸನ್ ಇರುವವರು ಇದರಿಂದ ದೂರವಿರಬೇಕು. ಅವರಿಗೆ ಮೊದಲೇ ಕಡಿಮೆ ಇರುವುದು ಡೋಪಮೈನ್, ಈ ಮಾತ್ರೆ ತಡೆಯುವುದೂ ಅದನ್ನೇ.

ಡೊಂಪೆರಿಡೋನ್ ಮಿದುಳಿಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಕತ್ತು ತಿರುಚುವಂಥ ತೊಂದರೆ ಅಪರೂಪ. ಆದರೆ ಹೃದಯದ ಬಡಿತ ತಪ್ಪಿಸುವ ಅಪಾಯ ಇದೆ. 2014ರಲ್ಲಿ ಯುರೋಪಿನವರು ಇದಕ್ಕೂ ಮಿತಿ ಹಾಕಿದರು: ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಬೇಡ. ಹೀಗಿದ್ದೂ ಇದನ್ನು ವರ್ಷಗಟ್ಟಲೆ ನುಂಗುವವರನ್ನು ನೋಡುತ್ತಲೇ ಇರುತ್ತೇನೆ. ಹೇಗೆ ಅಂತೀರಾ? ಗ್ಯಾಸ್ ಕ್ಯಾಪ್ಸೂಲಿನ ಒಳಗೆ! ಎಷ್ಟೋ ಆ್ಯಸಿಡಿಟಿ ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿರುತ್ತಾರೆ. ಮುಂದೆ ದೊಡ್ಡ ಅಕ್ಷರದಲ್ಲಿ ಬ್ರ್ಯಾಂಡ್ ಹೆಸರು, ಹಿಂದೆ ಇರುವೆಯಂಥ ಅಕ್ಷರದಲ್ಲಿ ಒಳಗಿರುವ ಔಷಧ. ಬೆಳಿಗ್ಗೆ ಎದ್ದು ಅದೊಂದು ನುಂಗಿ, ವಾಂತಿ ಬಂತು ಅಂತ ಮತ್ತೆ ಬೇರೆ ಡೊಂಪೆರಿಡೋನ್ ನುಂಗಿದರೆ ಒಂದೇ ಔಷಧ ಎರಡು ಸಲ ಒಳಗೆ ಹೋದ ಹಾಗೆ.

ಇದು ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ಏರಿಸುತ್ತದೆ. ಮುಟ್ಟು ಏರುಪೇರಾಗಬಹುದು, ಗಂಡಸರಿಗೆ ಎದೆ ಊದಿಕೊಳ್ಳಬಹುದು. ಅದಕ್ಕಾಗಿ ಊರೆಲ್ಲ ಟೆಸ್ಟ್ ಮಾಡಿಸುವ ಮೊದಲು ದಿನಾ ನುಂಗುವ ಕ್ಯಾಪ್ಸೂಲಿನ ಹಿಂಬದಿ ಒಮ್ಮೆ ಓದಿ. ಹೆಸರು ಕಂಡ ಕೂಡಲೇ ನೀವಾಗೇ ನಿಲ್ಲಿಸಬೇಡಿ. ಕೆಲವರಿಗೆ ಬೇಕೇ ಬೇಕು ಅಂತ ಬರೆದಿರುತ್ತಾರೆ. ಇನ್ನೂ ಬೇಕಾ ಅಂತ ಬರೆದವರನ್ನೇ ಕೇಳಿ.

ಈಗ ಒಂಡಾನ್ಸೆಟ್ರಾನ್. ನಿದ್ದೆ ಬರಿಸುವುದು ಕಡಿಮೆ, ಕತ್ತು ತಿರುಚುವುದೂ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹಾಗಾಗಿ ಜನಕ್ಕೆ ಇದರ ಮೇಲೆ ಪ್ರೀತಿ ಜಾಸ್ತಿ. ನನಗೂ ಇದು ಒಳ್ಳೆಯ ಔಷಧ ಅಂತಲೇ ಅನಿಸುತ್ತದೆ. ಆದರೆ ಮಲಬದ್ಧತೆ ಮಾಡುತ್ತದೆ, ತಲೆನೋವು ತರುತ್ತದೆ. ಮೂರು ನಾಲ್ಕು ದಿನ ಬಿಡದೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಹೊಟ್ಟೆ ಕಟ್ಟಿದ್ದಕ್ಕೇ ಮತ್ತೆ ವಾಕರಿಕೆ. ಅದಕ್ಕೆ ಮತ್ತೊಂದು ಮಾತ್ರೆ! ಈ ಸುತ್ತಿನಲ್ಲಿ ಸಿಕ್ಕಿಹಾಕಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಮೋಷನ್ ಆಗಿ ಎಷ್ಟು ದಿನವಾಯಿತು ಅಂತ.

ಹೃದಯದ ವಿಷಯ ಇಲ್ಲೂ ಇದೆ. ಒಂದು ಬಡಿತ ಮುಗಿಸಿ ಮುಂದಿನದಕ್ಕೆ ಹೃದಯ ಅಣಿಯಾಗುವ ಹೊತ್ತನ್ನು ಈ ಔಷಧ ಉದ್ದ ಮಾಡಬಲ್ಲದು. ಇಸಿಜಿಯಲ್ಲಿ ಅದು ಕ್ಯೂಟಿ ಅಂತ ಕಾಣುತ್ತದೆ. ಇದೇ ಕಾರಣಕ್ಕೆ 2012ರಲ್ಲಿ ಅಮೆರಿಕದಲ್ಲಿ ರಕ್ತನಾಳಕ್ಕೆ ಒಂದೇ ಸಲಕ್ಕೆ ಕೊಡುತ್ತಿದ್ದ 32 ಮಿಲಿಗ್ರಾಂ ಡೋಸನ್ನು ತೆಗೆದುಹಾಕಿದರು. ಆರೋಗ್ಯವಾಗಿರುವವರು ಡಾಕ್ಟರು ಹೇಳಿದಂತೆ ನುಂಗುವ 4 ಅಥವಾ 8 ಮಿಲಿಗ್ರಾಂ ಮಾತ್ರೆಗೆ ಅಷ್ಟು ಹೆದರಬೇಕಿಲ್ಲ. ಯಾರಿಗೆ ಹೆದರಿಕೆ ಅಂದರೆ ಮೊದಲೇ ಹೃದಯದ ಬಡಿತದ ತೊಂದರೆ ಇರುವವರಿಗೆ, ಇದೇ ಕೆಲಸ ಮಾಡುವ ಬೇರೆ ಔಷಧ ತಗೊಳ್ಳುವವರಿಗೆ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್, ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಖಿನ್ನತೆಗೆ ಕೊಡುವ ಸಿಟಾಲೊಪ್ರಾಮ್ ಇವೆಲ್ಲ ಆ ಪಟ್ಟಿಯಲ್ಲಿವೆ. ಡೊಂಪೆರಿಡೋನ್ ತಗೊಳ್ಳುವವರೂ ಈ ಪಟ್ಟಿ ನೋಡಿಕೊಳ್ಳಬೇಕು. ಇನ್ನೊಂದು ಮಾತು. ತುಂಬಾ ವಾಂತಿಯಾದರೆ ಮೈಯಲ್ಲಿ ಪೊಟ್ಯಾಶಿಯಂ ಇಳಿಯುತ್ತದೆ. ಪೊಟ್ಯಾಶಿಯಂ ಇಳಿದರೆ ಹೃದಯಕ್ಕೆ ಈ ಅಪಾಯ ಏರುತ್ತದೆ. ಅಂದರೆ ಮಾತ್ರೆ ತೀರಾ ಬೇಕಾದ ಹೊತ್ತಿನಲ್ಲೇ ಎಚ್ಚರವೂ ಜಾಸ್ತಿ ಬೇಕು. ಎದೆ ಡವಡವ ಅಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಒಂಡಾನ್ಸೆಟ್ರಾನ್‌ನ ಬಾಯಲ್ಲಿ ಕರಗುವ ಮಾತ್ರೆಯನ್ನು ಎಲ್ಲರೂ ಬೇರೆ ಮಾತ್ರೆಯ ಹಾಗೆ ಒತ್ತಿ ತೆಗೆಯುತ್ತಾರೆ. ಅದು ಪುಡಿಯಾಗುತ್ತದೆ. ಕೈ ಒರೆಸಿಕೊಂಡು, ಹಿಂದಿನ ಹಾಳೆಯನ್ನು ಸಿಪ್ಪೆಯಂತೆ ಬಿಡಿಸಿ, ಮೆತ್ತಗೆ ಎತ್ತಿ ನಾಲಿಗೆ ಮೇಲಿಡಿ. ಎಂಜಲಿನ ಜೊತೆ ನುಂಗಿದರೆ ಸಾಕು, ನೀರು ಬೇಕಿಲ್ಲ. ಬಾಯಲ್ಲೇ ಕರಗಿತಲ್ಲ, ಕೂಡಲೇ ನಿಲ್ಲಬೇಕು ಅಂದುಕೊಳ್ಳಬೇಡಿ. ಔಷಧ ಮೈಗೆ ಹತ್ತುವುದು ಹೊಟ್ಟೆಗೆ ಹೋದ ಮೇಲೇ. ಅರ್ಧ ಗಂಟೆ ಬಿಡಬೇಕು. ಅಷ್ಟರೊಳಗೆ ವಾಂತಿಯಾಗಿ ಮಾತ್ರೆ ಹೋಯಿತು ಅನಿಸಿದರೆ ಇನ್ನೊಂದು ತಗೊಳ್ಳುವ ಮೊದಲು ಫೋನ್ ಮಾಡಿ ಕೇಳಿ.

ಬಸುರಿಯರಿಗೆ ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆ ಹಳೆಯದು, ಚೆನ್ನಾಗಿ ಪರೀಕ್ಷೆಯಾದದ್ದು. ರಾತ್ರಿ ತಗೊಂಡರೆ ಬೆಳಿಗ್ಗೆ ಕೆಲಸ ಮಾಡುವ ಹಾಗೆ ನಿಧಾನವಾಗಿ ಬಿಡುವಂತೆ ಮಾಡಿರುತ್ತಾರೆ. ಅಗಿಯಬಾರದು, ಪುಡಿ ಮಾಡಬಾರದು. ನಿದ್ದೆ ಬರುತ್ತದೆ, ಗಾಡಿ ಓಡಿಸಬೇಡಿ. ಉಳಿದ ಮಾತ್ರೆಗಳನ್ನು ಬಸುರಿಯರು ಕೇಳದೆ ಮುಟ್ಟುವುದು ಬೇಡ.

ಕೀಮೋಥೆರಪಿ ನಡೆಯುತ್ತಿರುವವರಿಗೆ ಒಂದು ಮಾತು. ನಿಮ್ಮ ಚೀಟಿಯಲ್ಲಿ ಒಲಾಂಜಪಿನ್ ಕಂಡು ಮೊಬೈಲಲ್ಲಿ ಹುಡುಕಿದರೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯ ಮಾತ್ರೆ ಅಂತ ಬರುತ್ತದೆ. ಗಾಬರಿಯಾಗಿ ಬಿಟ್ಟುಬಿಡುವವರಿದ್ದಾರೆ. ಕೀಮೋ ವಾಂತಿಗೂ ಅದು ಒಳ್ಳೆಯ ಔಷಧ, ಅದಕ್ಕೇ ಬರೆದಿರುವುದು. ನಿಮ್ಮ ಮಾತ್ರೆಗಳನ್ನು ವಾಂತಿ ಬರಲಿ ಅಂತ ಕಾಯದೆ, ಹೇಳಿದ ಹೊತ್ತಿಗೆ ಮೊದಲೇ ನುಂಗಬೇಕು.

ಕೆಲವು ವಾಂತಿಗೆ ಮನೆಯಲ್ಲಿ ಮಾತ್ರೆ ಕೊಡುತ್ತಾ ಕೂರಬಾರದು. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ವಾಂತಿ, ಹಸಿರು ಬಣ್ಣದ್ದು, ರಕ್ತ ಅಥವಾ ಕಾಫಿ ಗಸಿಯಂಥದ್ದು, ಹೊಟ್ಟೆ ಗಟ್ಟಿಯಾಗಿ ನೋವು ಇರುವುದು, ಎದೆನೋವು ಬೆವರಿನ ಜೊತೆ ಬಂದದ್ದು, ಜ್ವರ ತಲೆನೋವಿನ ಜೊತೆ ಕತ್ತು ಬಗ್ಗದ್ದು. ಕರುಳು ಕಟ್ಟಿಕೊಂಡಿದ್ದಾಗ ಒಂಡಾನ್ಸೆಟ್ರಾನ್ ವಾಂತಿಯನ್ನು ಮರೆಮಾಡಿಬಿಡಬಹುದು. ಆಗ ನೀವು ವಾಸಿಯಾಯಿತು ಅಂದುಕೊಳ್ಳುತ್ತೀರಿ. ಎರಡು ವರ್ಷದೊಳಗಿನ ಮಗುವಿಗೆ ಮನೆಯಲ್ಲಿ ಉಳಿದಿರುವ ಪ್ರೊಮೆಥಾಜಿನ್ ಅನ್ನುವ ವಾಂತಿ ಸಿರಪ್ ಅಪ್ಪಿತಪ್ಪಿಯೂ ಕೊಡಬೇಡಿ, ಉಸಿರಾಟ ಕುಗ್ಗಿಬಿಡಬಹುದು. ಭೇದಿ ವಾಂತಿ ಇರುವ ಮಗುವಿಗೆ ಮೊದಲು ಬೇಕಾದದ್ದು ಒಆರ್‌ಎಸ್. ಒಂದು ಸಲಕ್ಕೆ ಒಂದು ಚಮಚ, ಕೆಲವು ನಿಮಿಷ ಬಿಟ್ಟು ಮತ್ತೊಂದು ಚಮಚ. ಎಂಟು ಗಂಟೆಯಾದರೂ ಮಗು ಉಚ್ಚೆ ಮಾಡಿಲ್ಲ ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಏನೇನು ಕೊಟ್ಟಿದ್ದೀರೋ ಆ ಸ್ಟ್ರಿಪ್, ಬಾಟಲಿ ಎಲ್ಲ ಜೊತೆಗೆ ತನ್ನಿ.