ಕರಡು ಸಮಿತಿಗೂ ಮೊದಲು: ಸಂವಿಧಾನ ರಚನಾ ಸಭೆ ತನ್ನ ಕೆಲಸವನ್ನು ಹೊಂದಿಸಿಕೊಂಡ ಬಗೆ

ಭಾರತದ ಸಂವಿಧಾನ ಹೇಗೆ ರೂಪುಗೊಂಡಿತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. ಆದರೆ ಆ ಸಮಿತಿ ನೇಮಕವಾದದ್ದು 1947ರ ಆಗಸ್ಟ್ 29ರಂದು. ಸಂವಿಧಾನ ರಚನಾ ಸಭೆ ಮೊದಲ ಬಾರಿ ಸೇರಿ ಆ ಹೊತ್ತಿಗೆ ಸುಮಾರು ಒಂಬತ್ತು ತಿಂಗಳಾಗಿತ್ತು. ಆ ಒಂಬತ್ತು ತಿಂಗಳು ಸಭೆ ಮಾಡಿಕೊಂಡ ಸಿದ್ಧತೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಸಭೆಯ ಹುಟ್ಟು ಬ್ರಿಟಿಷರ ಕ್ಯಾಬಿನೆಟ್ ನಿಯೋಗದ 1946ರ ಮೇ 16ರ ಯೋಜನೆಯಲ್ಲಿತ್ತು. ಜನರು ನೇರವಾಗಿ ಮತ ಹಾಕಿ ಇದನ್ನು ಆರಿಸಲಿಲ್ಲ. ಪ್ರಾಂತೀಯ ಶಾಸನಸಭೆಗಳ ಸದಸ್ಯರು ಹತ್ತು ಲಕ್ಷ ಜನರಿಗೆ ಸರಿಸುಮಾರು ಒಬ್ಬರಂತೆ ಪ್ರತಿನಿಧಿಗಳನ್ನು ಚುನಾಯಿಸಿದರು. ಒಟ್ಟು 389 ಸ್ಥಾನಗಳಲ್ಲಿ 292 ಪ್ರಾಂತಗಳಿಗೆ, 93 ಸಂಸ್ಥಾನಗಳಿಗೆ, ಉಳಿದ 4 ಕೊಡಗು, ದೆಹಲಿಯಂಥ ಚೀಫ್ ಕಮಿಷನರ್ ಆಡಳಿತದ ಪ್ರದೇಶಗಳಿಗೆ ಮೀಸಲಾಗಿದ್ದವು. 1946ರ ಡಿಸೆಂಬರ್ 9ರಂದು ಸಭೆ ಸೇರಿದಾಗ ಮುಸ್ಲಿಂ ಲೀಗಿನ ಸದಸ್ಯರು ಬಹಿಷ್ಕಾರ ಹಾಕಿದ್ದರು, ಸಂಸ್ಥಾನಗಳ ಸ್ಥಾನಗಳು ಖಾಲಿಯಿದ್ದವು. ಹಿರಿಯರಾದ ಸಚ್ಚಿದಾನಂದ ಸಿನ್ಹಾ ಹಂಗಾಮಿಯಾಗಿ ಅಧ್ಯಕ್ಷ ಪೀಠದಲ್ಲಿ ಕುಳಿತರು. ಎರಡು ದಿನಗಳ ನಂತರ ಬಾಬು ರಾಜೇಂದ್ರ ಪ್ರಸಾದರು ಅಧ್ಯಕ್ಷರಾಗಿ ಆಯ್ಕೆಯಾದರು.

ಸಭೆ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ತನ್ನದೇ ನಿಯಮಗಳ ರಚನೆ ಒಂದು. ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮಂದಿ ಒಪ್ಪಿದ ನಿರ್ಣಯದ ಹೊರತು ಸಭೆಯನ್ನು ವಿಸರ್ಜಿಸುವಂತಿಲ್ಲ ಎಂಬ ನಿಯಮ ಅದರಲ್ಲಿ ಸೇರಿತು. ಪರಕೀಯ ಸರ್ಕಾರ ಕರೆದ ಸಭೆಯೊಂದು ತನ್ನ ಅಳಿವು ಉಳಿವಿನ ತೀರ್ಮಾನವನ್ನು ತನ್ನ ಕೈಯಲ್ಲೇ ಇಟ್ಟುಕೊಂಡದ್ದು ಬರೀ ಕಾರ್ಯವಿಧಾನದ ಮಾತಲ್ಲ, ಅದು ತಾನು ಸಾರ್ವಭೌಮ ಎಂಬ ಘೋಷಣೆಯೇ ಆಗಿತ್ತು. ಇದೇ ದಿನಗಳಲ್ಲಿ, ಡಿಸೆಂಬರ್ 13ರಂದು, ಜವಾಹರಲಾಲ್ ನೆಹರೂ ಸಂವಿಧಾನದ ಗುರಿಗಳನ್ನು ಸಾರುವ ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಗೈರುಹಾಜರಾದವರು ಬರುವವರೆಗೆ ಕಾಯೋಣ ಎಂದು ಎಂ.ಆರ್. ಜಯಕರ್ ತಿದ್ದುಪಡಿ ಸೂಚಿಸಿದರು. ಆ ಮಾತಿನಲ್ಲಿದ್ದ ವಿವೇಕಕ್ಕೆ ಬೆಲೆ ಕೊಟ್ಟು ಸಭೆ ಚರ್ಚೆಯನ್ನು ಮುಂದೂಡಿತು. ನಿರ್ಣಯ ಅಂಗೀಕಾರವಾದದ್ದು 1947ರ ಜನವರಿ 22ರಂದು.

ಆಮೇಲೆ ಕೆಲಸ ಸಮಿತಿಗಳಿಗೆ ಹಂಚಿಕೆಯಾಯಿತು. ಕೇಂದ್ರದ ಅಧಿಕಾರಗಳು ಮತ್ತು ಕೇಂದ್ರದ ಸಂವಿಧಾನದ ಸಮಿತಿಗಳಿಗೆ ನೆಹರೂ, ಪ್ರಾಂತಗಳ ಸಂವಿಧಾನ ಸಮಿತಿಗೆ ಹಾಗೂ ಮೂಲಭೂತ ಹಕ್ಕು, ಅಲ್ಪಸಂಖ್ಯಾತರು, ಬುಡಕಟ್ಟು ಪ್ರದೇಶಗಳ ಸಲಹಾ ಸಮಿತಿಗೆ ಸರ್ದಾರ್ ಪಟೇಲರು ಅಧ್ಯಕ್ಷರಾದರು. ಸಲಹಾ ಸಮಿತಿಯ ಕೆಳಗೆ ಜೆ.ಬಿ. ಕೃಪಲಾನಿಯವರ ಮೂಲಭೂತ ಹಕ್ಕುಗಳ ಉಪಸಮಿತಿ ಇತ್ತು. ಅಂಬೇಡ್ಕರ್, ಕೆ.ಎಂ. ಮುನ್ಷಿ ಮುಂತಾದವರು ಬರೆದುಕೊಟ್ಟ ಟಿಪ್ಪಣಿಗಳು ಅಲ್ಲಿ ಚರ್ಚೆಯಾದವು. ನ್ಯಾಯಾಲಯದ ಮೂಲಕ ಪಡೆಯಬಹುದಾದ ಹಕ್ಕುಗಳು ಯಾವುವು, ಸರ್ಕಾರಕ್ಕೆ ಮಾರ್ಗದರ್ಶನವಾಗಿ ಮಾತ್ರ ನಿಲ್ಲಬೇಕಾದವು ಯಾವುವು ಎಂಬ ವಿಂಗಡಣೆಯೂ ಅಲ್ಲೇ ನಡೆಯಿತು. ಉಪಸಮಿತಿಯ ವರದಿ ಸಲಹಾ ಸಮಿತಿಗೆ, ಅಲ್ಲಿಂದ ಸಭೆಗೆ ಬಂತು. ಅಸ್ಪೃಶ್ಯತೆಯ ನಿರ್ಮೂಲನೆಯ ಕಲಮನ್ನು ಸಭೆ ಒಪ್ಪಿದ್ದು 1947ರ ಏಪ್ರಿಲ್ 29ರಂದು, ಅಂದರೆ ಕರಡು ಸಮಿತಿ ಹುಟ್ಟುವ ನಾಲ್ಕು ತಿಂಗಳ ಮೊದಲು. ತತ್ವವನ್ನು ಮೊದಲು ಸಭೆಯೇ ತೀರ್ಮಾನಿಸಬೇಕು, ಕಾನೂನಿನ ಭಾಷೆ ಆಮೇಲೆ ಬರಬೇಕು ಎಂಬ ಈ ಕ್ರಮವೇ ಇಡೀ ಕೆಲಸದ ಬೆನ್ನೆಲುಬು ಎಂದು ನಾನು ತಿಳಿದಿದ್ದೇನೆ.

ದೇಶವಿಭಜನೆ ಬಂದಾಗಲೂ ಈ ಏರ್ಪಾಡು ಮುರಿಯಲಿಲ್ಲ. ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರೇ ವಿಷಯಗಳ ದುರ್ಬಲ ಕೇಂದ್ರವನ್ನು ನಿಯೋಗದ ಯೋಜನೆ ಬಯಸಿತ್ತು. ಜೂನ್ 3ರ ವಿಭಜನೆಯ ಘೋಷಣೆಯ ನಂತರ ಆ ಕಟ್ಟುಪಾಡು ಉಳಿಯದೆ, ಬಲವಾದ ಕೇಂದ್ರವೇ ಬೇಕೆಂದು ನೆಹರೂ ಅಧ್ಯಕ್ಷತೆಯ ಕೇಂದ್ರದ ಅಧಿಕಾರಗಳ ಸಮಿತಿ ಎರಡನೆಯ ವರದಿ ಕೊಟ್ಟಿತು. ಸ್ವಾತಂತ್ರ್ಯ ಬಂದಮೇಲೆ ಸಭೆಗೆ ಶಾಸನ ಮಾಡುವ ಹೊಣೆಯೂ ಸೇರಿಕೊಂಡಿತು. ಎರಡೂ ಕೆಲಸಗಳನ್ನು ಬೇರೆಯಾಗಿಯೇ ಇಟ್ಟು, ಶಾಸನಸಭೆಯಾಗಿ ಕೂತಾಗ ಜಿ.ವಿ. ಮಾವಳಂಕರ್ ಸ್ಪೀಕರ್ ಆದರು.

ಸಮಿತಿಗಳ ವರದಿಗಳನ್ನೂ ಸಭೆಯ ತೀರ್ಮಾನಗಳನ್ನೂ ಜೋಡಿಸಿ ಮೊದಲ ಕರಡನ್ನು ಸಿದ್ಧಪಡಿಸಿದವರು ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ನಮ್ಮ ಕರಾವಳಿಯ ಬೆನಗಲ್ ಮನೆತನದ ಇವರು ಸಭೆಯ ಸದಸ್ಯರಾಗಿರಲಿಲ್ಲ. ಏಳು ಮಂದಿಯ ಕರಡು ಸಮಿತಿ ಆ ಪಠ್ಯವನ್ನು ಪರಿಶೀಲಿಸಿ, ತಿದ್ದಿ, ಬೆಳೆಸಿ, 1948ರ ಫೆಬ್ರುವರಿಯಲ್ಲಿ 315 ವಿಧಿಗಳ ಕರಡನ್ನು ಸಭೆಯ ಅಧ್ಯಕ್ಷರಿಗೆ ಒಪ್ಪಿಸಿತು. ಸಮಿತಿಯಲ್ಲಿ ಬಿ.ಎಲ್. ಮಿತ್ತರ್ ಅವರ ಜಾಗಕ್ಕೆ ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ಬಂದರು, ಡಿ.ಪಿ. ಖೈತಾನ್ ನಿಧನರಾದಾಗ ಟಿ.ಟಿ. ಕೃಷ್ಣಮಾಚಾರಿ ಬಂದರು, ಕರಡಿನ ಭಾರ ಕೊನೆಗೆ ಬಿದ್ದದ್ದು ಅಂಬೇಡ್ಕರರ ಹೆಗಲಿಗೇ ಎಂದು ಕೃಷ್ಣಮಾಚಾರಿಯವರೇ ಸಭೆಯಲ್ಲಿ ಹೇಳಿದರು. ಕರಡಿಗೆ 7,635 ತಿದ್ದುಪಡಿ ಸೂಚನೆಗಳು ಬಂದವು, ಅವುಗಳಲ್ಲಿ 2,473 ಮಂಡನೆಯಾದವು. ಪ್ರತಿಯೊಂದಕ್ಕೂ ಉತ್ತರ ಕೊಡಬೇಕಾದ ಆ ಹೊಣೆ ಎಷ್ಟು ದೊಡ್ಡದೆಂದು ನೆನೆದಾಗ ಅಂಬೇಡ್ಕರರ ಮೇಲಿನ ಗೌರವ ಹೆಚ್ಚುತ್ತದೆ. ಕಾಂಗ್ರೆಸ್ ಪಕ್ಷದ ಶಿಸ್ತು ಇರದಿದ್ದರೆ ಸಭೆ ಹೀಗೆ ಕ್ರಮಬದ್ಧವಾಗಿ ನಡೆಯುತ್ತಿರಲಿಲ್ಲವೆಂದು ಅವರು ಮುಕ್ತವಾಗಿ ಒಪ್ಪಿಕೊಂಡರು. ನರಸಿಂಗ ರಾವ್ ಮತ್ತು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೆ ಸಲ್ಲಬೇಕಾದ ಶ್ರೇಯಸ್ಸನ್ನೂ ಸಲ್ಲಿಸಿದರು.

ಕನ್ನಡಿಗರಿಗೆ ಈ ಪ್ರಕ್ರಿಯೆ ಒಂದು ನಿರಾಶೆಯನ್ನೂ ತಂದಿತು. ಭಾಷಾವಾರು ಪ್ರಾಂತಗಳ ಪ್ರಶ್ನೆಯನ್ನು ಪರಿಶೀಲಿಸಲು ನೇಮಿಸಿದ ಎಸ್.ಕೆ. ಧರ್ ಆಯೋಗ ಕರ್ನಾಟಕ, ಆಂಧ್ರ, ಕೇರಳ, ಮಹಾರಾಷ್ಟ್ರಗಳ ಬೇಡಿಕೆಯನ್ನು ಕೇಳಿ, ಭಾಷೆಯ ಆಧಾರದ ವಿಂಗಡಣೆ ಬೇಡವೆಂದು 1948ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಹೀಗಾಗಿ ಅಂತಿಮ ಸಂವಿಧಾನದ ಮೊದಲ ಅನುಸೂಚಿಯಲ್ಲಿ, ಅಂದರೆ ರಾಜ್ಯಗಳ ಪಟ್ಟಿಯಲ್ಲಿ, ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದುಹಂಚಿಯೇ ಉಳಿಯಿತು. ಮೈಸೂರು ಸಂಸ್ಥಾನ ತನ್ನದೇ ಸಂವಿಧಾನ ರಚನಾ ಸಭೆಯನ್ನು ಕರೆದಿತ್ತು. ಆದರೆ ಸಂಸ್ಥಾನಗಳಿಗೆ ಪ್ರತ್ಯೇಕ ಸಂವಿಧಾನ ಬೇಡವೆಂಬ ಒಪ್ಪಂದ 1949ರಲ್ಲಿ ಮೂಡಿದ ನಂತರ, ಭಾರತದ ಸಂವಿಧಾನವೇ ಮೈಸೂರಿಗೂ ಅನ್ವಯಿಸುತ್ತದೆ ಎಂಬ ಘೋಷಣೆಯನ್ನು ಮಹಾರಾಜ ಜಯಚಾಮರಾಜ ಒಡೆಯರ್ ನವೆಂಬರ್ 25ರಂದು ಹೊರಡಿಸಿದರು. ಮರುದಿನ ದೆಹಲಿಯ ಸಭೆ 395 ವಿಧಿಗಳ ಸಂವಿಧಾನವನ್ನು ಅಂಗೀಕರಿಸಿತು.